ಉಡಿ ತುಂಬಲು ಬಾರದ ಜೋಳ

ಎರಡು ವರ್ಷದ ಹಿಂದೆ, ದಸರೆ ಹತ್ತಿರ ಬಂದಿದ್ದಾಗಿನ ಮಾತು. ಬೀದರಿನ ಒಂದು ಸಣ್ಣ ಸಂಸ್ಥೆಯಲ್ಲಿ ನನ್ನ ಕೆಲಸ. ಒಂದೂರಿನ ರೈತ ಮಹಿಳೆಯರು ಕಲಿತದ್ದನ್ನು ಇನ್ನೊಂದೂರಿಗೆ ಮುಟ್ಟಿಸುವುದು, ಆಗಾಗ ಎಲ್ಲರನ್ನೂ ಕೂಡಿಸಿ ಮಾತಾಡಿಸುವುದು. ಬಿತ್ತನೆ ಜೋಳವನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಇಡುವುದನ್ನು ಭಾಲ್ಕಿ ಕಡೆಯ ಹಲಬರ್ಗಾದವರು ಔರಾದ ತಾಲೂಕಿನ ಚಿಂತಾಕಿಯವರಿಂದ ಕಲಿತದ್ದು ಹಾಗೆಯೇ. ಅದನ್ನು ನೋಡಲು ಕೀನ್ಯಾದಿಂದ ಗ್ರೇಸ್ ಎಂಬ ರೈತ ಮಹಿಳೆ ಬಂದರು. ತಮ್ಮ ಕಡೆಯ ಊರುಗಳಿಗೆಲ್ಲ ಇಂಥ ಡ್ರಮ್ ತರಿಸಬೇಕೋ ಬೇಡವೋ ಎಂದು ಅವರು ವಾಪಸು ಹೋಗಿ ಹೇಳಬೇಕಿತ್ತು.

ಹಲಬರ್ಗಾದಲ್ಲಿ ಇಳಿಯುತ್ತಲೇ ಅಲ್ಲಿನ ಗುಂಪಿನ ಮುಖಂಡೆ ಶಕುಂತಲಾ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ಡ್ರಮ್ಮಿನ ಜ್ವಾಳಕ್ಕ ಹುಳ ಬಿದ್ದಾವರಿ. ಇವತ್ತ ಆ ಮಾತ ತಗಿಬ್ಯಾಡ್ರಿ. ಬೀಗರ ಮುಂದ ಮನಿ ಹುಳುಕ ಯಾರರೆ ಹೇಳ್ತಾರೇನ್ರಿ?"

ನನಗೋ ಬಾಯಲ್ಲಿ ಬಿಸಿತುಪ್ಪ. ಹೇಳಿದರೆ ಇವರ ಮರ್ಯಾದೆ ಹೋಗುತ್ತದೆ, ಬಿಟ್ಟರೆ ಕೀನ್ಯಾದಲ್ಲಿ ಎಷ್ಟೋ ಮನೆಗಳ ಬೀಜ ಹೋಗುತ್ತದೆ. ನಮ್ಮ ಕಡೆ ಬಂದವರಿಗೆ ಮೊದಲು ಸನ್ಮಾನ, ಆಮೇಲೆಯೇ ಮಾತು. ಹಾರ, ಶಾಲು, ಭಾಷಣ ಎಲ್ಲ ಆಯಿತು. ಚಿಂತಾಕಿಯಿಂದ ಬಂದಿದ್ದ ಹೆಂಗಸರೂ ಎದ್ದು, ಡ್ರಮ್ಮಿನ ಬಗ್ಗೆ "ಭಾಳ ಚಲೋ ಅದರಿ, ಏನೂ ತ್ರಾಸ ಇಲ್ರಿ" ಎಂದರು. ಅದನ್ನೇ ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಗ್ರೇಸ್ ನಗುತ್ತ ತಲೆಯಾಡಿಸಿದರು.

ಹೊರಡುವ ಮುಂಚೆ ಉಡಿ ತುಂಬುವ ಶಾಸ್ತ್ರ. ಸೀರೆ ಉಡದ ಗ್ರೇಸ್ ಸನ್ಮಾನದ ಶಾಲನ್ನೇ ಸೆರಗಿನಂತೆ ಹಿಡಿದು ಮಣೆಯ ಮೇಲೆ ಕೂತು, ಇದೇನು ಎಂದು ಕೇಳಿದರು.

"ಮಗಳು ತವರಿನಿಂದ ಹೊರಟಾಗ ಅವಳ ಮನೆ ತುಂಬಿರಲಿ ಅಂತ ಮಡಿಲಿಗೆ ಕಾಳು ಹಾಕುತ್ತೇವೆ" ಎಂದೆ.

"ಹಾಗಾದರೆ ಆ ಡ್ರಮ್ಮಿನ ಜೋಳವನ್ನೇ ಹಾಕಿ."

ಅದನ್ನು ಕನ್ನಡದಲ್ಲಿ ಹೇಳಿದೆ. ಉಡಿ ತುಂಬಬೇಕಿದ್ದವರು ಊರಿನ ಹಿರಿಯರಾದ ಕಾಶಮ್ಮ. "ಮ್ಯಾಲಿಂದಷ್ಟ ತಗೊಂಬರ್ರಿ" ಎಂದು ಶಕುಂತಲಾ ಕಾಶಮ್ಮನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಕಾಶಮ್ಮ ಒಳಗೆ ಹೋಗಿ ಬೊಗಸೆ ತುಂಬ ಜೋಳ ತಂದರು. ಗ್ರೇಸ್ ಮುಂದೆ ಬಗ್ಗಿದರು. ಆದರೆ ಬೊಗಸೆ ಬಿಚ್ಚಲಿಲ್ಲ. ಬೆರಳ ಸಂದಿಯಿಂದ ಹುಳ ತಿಂದ ಕಾಳಿನ ಹಿಟ್ಟು ಉದುರುತ್ತಿತ್ತು.

"ನನ್ನ ಕೈಲಿ ಆಗಂಗಿಲ್ಲ ಶಕುಂತಲಾ. ಬೇಕಾದಷ್ಟ ಸುಳ್ಳ ಹೇಳ್ತೇನಿ, ಹುಳುಕ ಕಾಳ ಮಾತ್ರ ಹೆಣ್ಣಮಗಳ ಉಡ್ಯಾಗ ಹಾಕಂಗಿಲ್ಲ. ಮೇಡಂ, ಆಕಿಗಿ ಹೇಳಿಬಿಡ್ರಿ."

ಹೇಳಿದೆ. ಶಕುಂತಲಾ ತಲೆ ತಗ್ಗಿಸಿದರು. ಗ್ರೇಸ್ ಕಾಶಮ್ಮನ ಕೈ ನೋಡಿದರು. ಆಮೇಲೆ ಜೋರಾಗಿ ನಕ್ಕುಬಿಟ್ಟರು.

"ನಾವೂ ಒಂದು ಡ್ರಮ್ ಇಟ್ಟು ನೋಡಿದ್ದೆವು. ಅದಕ್ಕೂ ಹುಳ ಬಿತ್ತು. ಯಾಕೆಂದು ಕೇಳಲೆಂದೇ ಬಂದೆ. ನೀವು ಇಷ್ಟು ಮರ್ಯಾದೆ ಮಾಡಿದ ಮೇಲೆ ನಮ್ಮದು ಕೆಟ್ಟಿತು ಅನ್ನಲು ನಾಚಿಕೆಯಾಯಿತು."

ಹೊರಡಲು ಸಿದ್ಧವಾಗಿದ್ದ ಗಾಡಿಗೆ ಕಾಯಲು ಹೇಳಿ ಎಲ್ಲರೂ ಮತ್ತೆ ಕೂತೆವು. ಚಿಂತಾಕಿಯ ಸುರೇಖಾ ಹಲಬರ್ಗಾದವರನ್ನು ಕೇಳಿದರು: "ಬಿಸಲಾಗ ಒಣಗಿಸಿದ ಮ್ಯಾಲ ಜ್ವಾಳ ಆರಾಕ ಬಿಟ್ಟಿದ್ರೇನ್ರಿ?"

"ಇಲ್ರಿ, ಬಿಸಿ ಬಿಸಿನೇ ತುಂಬಿ ಮುಚ್ಚಿದ್ವಿ."

"ಅಲ್ಲೇ ತಪ್ಪಾಗ್ಯಾದ ನೋಡ್ರಿ. ಬಿಸಿ ಕಾಳ ಒಳಗ ಬೆವರ್ತಾವ, ಆ ತ್ಯಾವಕ್ಕ ಹುಳ ಬೀಳ್ತಾವ. ಮದ್ಲನೇ ವರ್ಷ ನಮ್ದೂ ಹಿಂಗೇ ಕೆಟ್ಟಿತ್ತು." ಸುರೇಖಾ ತುಸು ತಡೆದು, "ಅದನ್ನ ನಿಮಗ ಹೇಳೇ ಇರಲಿಲ್ರಿ" ಎಂದರು.

ಗ್ರೇಸ್ ಊರಿನವರೂ ಜೋಳವನ್ನು ಬಿಸಿಯಿದ್ದಾಗಲೇ ತುಂಬಿದ್ದರಂತೆ! ಮೂರು ಊರಿನವರೂ ಒಂದೇ ಹುಳುಕನ್ನು ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಚಪ್ಪಾಳೆ ತಟ್ಟಿದ್ದೆವು. ನಗುವುದೋ ಅಳುವುದೋ ತಿಳಿಯಲಿಲ್ಲ. ಕೊನೆಗೆ ಕಾಶಮ್ಮ ತಮ್ಮ ಮನೆಯ ಗೋಧಿ ತಂದು ಉಡಿ ತುಂಬಿದರು.

ಈಗ ನಮ್ಮ ಕೂಟದಲ್ಲಿ ಶಾಲು, ಹಾರ ಕೊನೆಗೆ. "ಯಾರ್ದು ಏನ ಕೆಟ್ಟದ, ಮದ್ಲ ಹೇಳ್ರಿ" ಎಂದು ಕಾಶಮ್ಮನೇ ಶುರು ಮಾಡುತ್ತಾರೆ. ಗ್ರೇಸ್ ಕೂಡ ಮೊಬೈಲಿನಲ್ಲಿ ತಮ್ಮ ಊರಿನ ಸೋಲು-ಗೆಲುವು ಹೇಳಿ ಕಳಿಸುತ್ತಾರೆ.

ಆ ಬೊಗಸೆ ನನಗೆ ಇಂದಿಗೂ ನೆನಪಾಗುತ್ತದೆ. ಅಂದು ಕಾಶಮ್ಮ ಕೈ ಬಿಚ್ಚಿದ್ದರೆ, ಗ್ರೇಸ್ ಕೆಟ್ಟದ್ದು ತಮ್ಮ ಡ್ರಮ್ ಒಂದೇ ಎಂದುಕೊಂಡು, ನಮ್ಮ ಹುಳುಕನ್ನೇ ತವರಿನ ಆಶೀರ್ವಾದವೆಂದು ನಂಬಿ ಸಮುದ್ರ ದಾಟಿಸುತ್ತಿದ್ದರು.