ಕನ್ನಡಕಕ್ಕೆ ವಿಭೂತಿ

ಪುಟ್ಟಮಾದಯ್ಯನವರ ಕಾರು ಮಳೆ ಬಂದರೆ ಅಳುತ್ತದೆ ಎಂದು ಮೊದಲು ಹೇಳಿದವರು ಪದ್ಮಿನಿ ಮೇಡಂ. ಅವರು ಕನ್ನಡ ಪಾಠ ಮಾಡುವವರು, ಹಾಗೆಲ್ಲ ಹೇಳಬಲ್ಲರು. ವಿಜ್ಞಾನದ ಮೇಷ್ಟ್ರಾದ ನನಗೆ ಕೇಳುತ್ತಿದ್ದುದು ಇಷ್ಟೇ: ವೈಪರಿನ ರಬ್ಬರು ಗಾಜಿನ ಮೇಲೆ ಜಾರುವ ಬದಲು ಹೆಜ್ಜೆಹೆಜ್ಜೆಗೆ ಎಡವಿ, ಕಿರ್ರೆಂದು ಎಳೆದು, ದಡದಡನೆ ಕುಪ್ಪಳಿಸುವ ಸದ್ದು. ಮುಂದಿನ ಸೀಟಿನ ಹೆಡ್‌ಮಾಸ್ಟರ್ ಪ್ರಭುಸ್ವಾಮಿಯವರಿಗೆ ಮಾತ್ರ ಅದು ತಮ್ಮ ಹುದ್ದೆಗೆ ಆಗುತ್ತಿರುವ ಅವಮಾನದಂತೆ ಕೇಳಿಸುತ್ತಿತ್ತು.

ನಾವು ಮೂವರೂ ಹನೂರಿನ ಒಂದೇ ಶಾಲೆಯವರು. ಬೆಳಿಗ್ಗೆ ಯಳಂದೂರಿನಲ್ಲಿ ನಾನು ಹತ್ತುತ್ತೇನೆ, ಮಾಂಬಳ್ಳಿಯಲ್ಲಿ ಹೆಡ್‌ಮಾಸ್ಟರು, ಕೊಳ್ಳೇಗಾಲದಲ್ಲಿ ಪದ್ಮಿನಿ ಮೇಡಂ. ನಮ್ಮನ್ನು ಶಾಲೆಗೆ ಬಿಟ್ಟ ಮೇಲೆ ಪುಟ್ಟಮಾದಯ್ಯ ಹೊಂಗೆ ಮರದಡಿ ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ಮಲಗಿಸಿ, ತಾವೂ ಮಲಗಿ, ಸಂಜೆಯ ಗಂಟೆಗೆ ಏಳುತ್ತಾರೆ. ಅರವತ್ತೊಂದು ವರ್ಷ. ಲಾರಿ ಕ್ಲೀನರಾಗಿ ಶುರುಮಾಡಿ, ಕಬ್ಬಿನ ಲಾರಿ ಓಡಿಸಿ, ಕೊನೆಗೆ ಈ ಬಿಳಿ ಕಾರು ಕೊಂಡರು. ಕಾರಿಗೆ ಈಗ ಹದಿನೇಳು. ಮಂಡಿ ಇಬ್ಬರದೂ ಹೋಗಿದೆ. ಇತ್ತೀಚೆಗೆ ಮದುವೆಗೆ, ಮಾದಪ್ಪನ ಬೆಟ್ಟಕ್ಕೆ ಬಾಡಿಗೆ ಕೇಳುವವರು ಕಾರನ್ನು ಒಂದು ಸುತ್ತು ನೋಡಿ, ‘ಪೋನ್ ಮಾಡ್ತೀವಿ’ ಎಂದು ಹೋಗುತ್ತಾರೆ. ಫೋನು ಬರುವುದಿಲ್ಲ. ಉಳಿದಿದ್ದವರು ನಾವು ಮೂವರೇ.

ಆ ಮೂವರೂ ಕೈತಪ್ಪುವ ಹೊತ್ತು ಬಂದದ್ದು ಸೆಪ್ಟೆಂಬರಿನ ಒಂದು ಸಂಜೆ. ಕೊಳ್ಳೇಗಾಲ ದಾಟಿದ್ದೆವು. ಮಳೆ ಹಿಡಿದಿತ್ತು. ವೈಪರು ಅತ್ತಿಂದಿತ್ತ ಕುಪ್ಪಳಿಸಿ ಗಾಜಿನ ತುಂಬ ಹಾಲು ಚೆಲ್ಲಿದಂತೆ ಮಾಡಿತ್ತು. ಆ ಹಾಲಿನಾಚೆ ಕುಂತೂರಿನ ಕಡೆಯ ಕಬ್ಬಿನ ಟ್ರ್ಯಾಕ್ಟರೊಂದು ಹಿಂದೆ ದೀಪವಿಲ್ಲದೆ ಹೋಗುತ್ತಿದ್ದುದು, ಕಬ್ಬಿನ ಸೋಗೆ ಬಾನೆಟ್ಟಿಗೆ ತಾಗುವಷ್ಟು ಹತ್ತಿರವಾದ ಮೇಲೆ ಕಂಡಿತು. ಪುಟ್ಟಮಾದಯ್ಯ ಬ್ರೇಕಿನ ಮೇಲೆ ನಿಂತರು. ಹೆಡ್‌ಮಾಸ್ಟರ ಊಟದ ಡಬ್ಬಿ ಹೋಗಿ ಅವರ ಪಾದದ ಮೇಲೆಯೇ ಬಿತ್ತು.

ಮಾಂಬಳ್ಳಿ ಬಂತು. ಇಳಿಯುವಾಗ ಹೆಡ್‌ಮಾಸ್ಟರು ಸುತ್ತೋಲೆ ಓದುವ ದನಿಯಲ್ಲಿ ಹೇಳಿದರು: “ನೋಡು ಪುಟ್ಟಮಾದಯ್ಯ, ಅಮಾವಾಸ್ಯೆ ಒಳಗೆ ಗಾಜು ಕಾಣಬೇಕು, ಸದ್ದು ನಿಲ್ಲಬೇಕು. ಇಲ್ಲದಿದ್ರೆ ಬಸವಕುಮಾರನ ಹೊಸ ಗಾಡಿ ಇದೆ. ಅವನು ಎರಡು ಸಲ ಬಂದು ಕೇಳಿ ಹೋಗಿದ್ದಾನೆ.”

“ಆಗ್ಲಿ ಸಾ,” ಎಂದರು ಪುಟ್ಟಮಾದಯ್ಯ. ಅವರು ಯಾವುದಕ್ಕೂ ಹೇಳುವುದು ಅಷ್ಟೇ.

ಅಮಾವಾಸ್ಯೆಗೆ ಮೂರು ವಾರವಿತ್ತು. ಮೊದಲ ವಾರ ಹೊಸ ಬ್ಲೇಡು ಹಾಕಿಸಿದರು. ಹೊಸ ಬ್ಲೇಡಾದ್ದರಿಂದ ಸದ್ದು ಹೊಸ ಹುರುಪಿನಿಂದ ಬಂತು. ಅದನ್ನು ಹಿಂದಕ್ಕೆ ಕೊಟ್ಟು ಬೇರೆ ತಂದರು, ಅದೂ ಹಾಗೆಯೇ. ರಬ್ಬರಿಗೆ ಡೀಸೆಲ್ ಸವರಬೇಕು ಎಂದು ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದರಿಂದ ಸವರಿದರು. ಕಿರ್ರೆನ್ನುತ್ತಿದ್ದುದು ಗೊರ್ರೆನ್ನತೊಡಗಿತು. ವೈಪರಿನ ತೋಳನ್ನೇ ಇಕ್ಕಳದಲ್ಲಿ ಹಿಡಿದು ಬಗ್ಗಿಸಿ ನೋಡಿದರು. ಲಾರಿ ಕಾಲದಲ್ಲಿ ವೈಪರೇ ಇರದಿದ್ದಾಗ ಬೀಡಿಯ ತಂಬಾಕನ್ನು ಗಾಜಿಗೆ ಉಜ್ಜಿದರೆ ಇಡೀ ರಾತ್ರಿ ಕಾಣುತ್ತಿತ್ತಂತೆ, ಅದನ್ನೂ ಮಾಡಿದರು. ಹೆಡ್‌ಮಾಸ್ಟರು ಮೂಗು ಮುಚ್ಚಿಕೊಂಡು, ಇದು ಶಿಕ್ಷಕರು ಕೂರುವ ವಾಹನ ಎಂದು ನೆನಪಿಸಿದರು. ನಾನೂ ಸುಮ್ಮನಿರಲಿಲ್ಲ. ಘರ್ಷಣೆಯ ಬಗ್ಗೆ ಕೊಳ್ಳೇಗಾಲದಿಂದ ಹನೂರಿನವರೆಗೆ ವಿವರಿಸಿದೆ. ಪುಟ್ಟಮಾದಯ್ಯ ಪೂರ್ತಿ ಕೇಳಿಸಿಕೊಂಡು, “ಅಂಗಾದ್ರೆ ಏನ್ ಮಾಡಾದು ಸಾ?” ಎಂದರು. ನನ್ನ ಪಾಠದಲ್ಲಿ ಆ ಭಾಗ ಇರಲಿಲ್ಲ.

ಮೂರನೆಯ ವಾರದ ಶನಿವಾರ ಅರ್ಧ ದಿನದ ಶಾಲೆ. ಹೆಡ್‌ಮಾಸ್ಟರು ಯಾವುದೋ ಸಭೆಗೆ ಹೋಗಿದ್ದರು. ಪದ್ಮಿನಿ ಮೇಡಮ್ಮನ್ನು ಇಳಿಸಿದ ಮೇಲೆ ಪುಟ್ಟಮಾದಯ್ಯ, “ಒಂದ್ ಗಳಿಗೆ ಸಾ,” ಎಂದು ಕೊಳ್ಳೇಗಾಲದಲ್ಲೇ ಶಾಂತರಾಜುವಿನ ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಹಳೆಯ ಕಾರುಗಳನ್ನು ಬೈಯದೆ ಮುಟ್ಟುವ ಮೆಕ್ಯಾನಿಕ್ಕು ಆ ಊರಿನಲ್ಲಿ ಅವನೊಬ್ಬನೇ.

ಶಾಂತರಾಜು ವೈಪರನ್ನು ನೋಡಲೇ ಇಲ್ಲ. ಚೊಂಬಿನಲ್ಲಿ ನೀರು ತಂದು ಗಾಜಿನ ಮೇಲೆ ಹುಯ್ದ. ಅದು ಹರಡಲಿಲ್ಲ, ಕೆಸುವಿನೆಲೆಯ ಮೇಲೆ ನಿಂತಂತೆ ಮಣಿಮಣಿಯಾಗಿ ನಿಂತಿತು. ಗಾಜಿನ ಮೇಲೆ ಬೆರಳೆಳೆದು ಮೂಸಿದ. ಮತ್ತೊಮ್ಮೆ ಮೂಸಿದ.

“ಅಣ್ಣ, ಬೆಟ್ಟದಲ್ಲಿ ಮಾದಪ್ಪಂಗೆ ಎಣ್ಣೆಮಜ್ಜನ ಮಾಡದು ಕಂಡಿವ್ನಿ. ನಿನ್ ಗಾಡಿಗೆ ಯಾರು ಮಾಡ್ತಿರದು?”

ಪುಟ್ಟಮಾದಯ್ಯ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಯಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಪ್ರತಿ ಸೋಮವಾರ ಮಾಂಬಳ್ಳಿಯಲ್ಲಿ ಕಾರು ಹತ್ತುವ ಮುಂಚೆ ಹೆಡ್‌ಮಾಸ್ಟರು ಚೀಲದಿಂದ ಒಂದು ಪುಟ್ಟ ಸೀಸೆ ತೆಗೆಯುತ್ತಾರೆ. ಅಮಾವಾಸ್ಯೆಗೆ ಬೆಟ್ಟಕ್ಕೆ ಹೋದಾಗ ತಂದ ಎಣ್ಣೆಮಜ್ಜನದ ಎಣ್ಣೆ ಎಂದು ಅವರು ಹೇಳುತ್ತಾರೆ. ಅದರಲ್ಲಿ ವಿಭೂತಿ ಕಲಸಿ, ತಮ್ಮ ಸೀಟಿನ ಮುಂದಿನ ಗಾಜಿಗೆ ಮೂರು ಬೆರಳಲ್ಲಿ ಉದ್ದಕ್ಕೆ ಎಳೆಯುತ್ತಾರೆ. ಇಡೀ ಕಾರಿನ ಕ್ಷೇಮ ತಮ್ಮ ಮೂರು ಬೆರಳಿನಲ್ಲಿದೆ ಎಂಬ ಗಾಂಭೀರ್ಯ ಆಗ ಅವರ ಮುಖದಲ್ಲಿರುತ್ತದೆ. ಪುಟ್ಟಮಾದಯ್ಯ ದಿನಾ ಬೆಳಿಗ್ಗೆ ಕಾರು ತೊಳೆಯುವವರೇ. ಆದರೆ ಮಾದಪ್ಪನ ವಿಭೂತಿಯನ್ನು ಕೈಯಾರೆ ಒರೆಸುವುದು ಹೇಗೆ? ಎರಡು ವರ್ಷದಿಂದ ಆ ಮೂರು ಗೆರೆ ಬಿಟ್ಟು ಸುತ್ತಲೂ ತೊಳೆಯುತ್ತಿದ್ದರು. ಮಳೆ ಬಂದಾಗ ವೈಪರು ಆ ಪಾಪ ಮಾಡುತ್ತಿತ್ತು. ಎಣ್ಣೆಯನ್ನು ಇಡೀ ಗಾಜಿಗೆ ಹಂಚುತ್ತಿತ್ತು. ಎಣ್ಣೆಗೂ ನೀರಿಗೂ ಸೇರುವುದಿಲ್ಲ ಎಂದು ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿರುವ ನಾನು ಅಷ್ಟೂ ದಿನ ಹಿಂದಿನ ಸೀಟಿನಲ್ಲಿ ಕೂತು ಇದನ್ನು ನೋಡುತ್ತಿದ್ದೆ.

ಶಾಂತರಾಜು ತಿನ್ನರ್ ಡಬ್ಬ ಎತ್ತಿಕೊಂಡ. ಪುಟ್ಟಮಾದಯ್ಯ ಅವನ ಕೈ ಹಿಡಿದರು.

“ಬ್ಯಾಡ ಕಣ್ಲಾ. ಪರಸಾದ ಅದು. ನನ್ ಎಸ್ರೇ ಮಾದಯ್ಯ. ನಾನೇ ನಿಂತ್ಕಂಡು ತಿನ್ನರ್ ಆಕಿ ಒರ್ಸಾನಾ?”

“ಅಂಗಾದ್ರೆ ಎಡ್‌ಮೇಷ್ಟ್ರಿಗೆ ಯೋಳಣ್ಣ, ಇಕ್ಬ್ಯಾಡಿ ಅಂತ.”

“ನೀನ್ ಯೋಳ್ತೀಯಾ?”

ಶಾಂತರಾಜು ತಿನ್ನರ್ ಡಬ್ಬವನ್ನು ಕೆಳಗಿಟ್ಟ. ಇಕ್ಕಳದಲ್ಲಿ ಸೊಟ್ಟಗಾಗಿದ್ದ ವೈಪರ್ ತೋಳನ್ನು ಮಾತ್ರ, ರಬ್ಬರು ಗಾಜಿನ ಮೇಲೆ ನೆಟ್ಟಗೆ ನಿಲ್ಲುವಂತೆ, ತಿದ್ದಿಕೊಟ್ಟ. ಪುಟ್ಟಮಾದಯ್ಯ ಅಲ್ಲಿದ್ದ ಟೈರಿನ ಮೇಲೆ ಕೂತು ಟೀ ಆರುವವರೆಗೂ ಲೋಟ ಹಿಡಿದುಕೊಂಡೇ ಇದ್ದರು. ಹೇಳಿದರೆ ಮಾದಪ್ಪನನ್ನು ಅಂದಂತೆ, ಜೊತೆಗೆ ಹೆಡ್‌ಮಾಸ್ಟರನ್ನೂ. ಹೇಳದಿದ್ದರೆ ಬುಧವಾರ ಅಮಾವಾಸ್ಯೆ. ಎರಡರಲ್ಲೂ ಗೆಲ್ಲುವವನು ಬಸವಕುಮಾರ್. ಯಳಂದೂರಿನವರೆಗೆ ಅವರು ಆಡಿದ್ದು ಒಂದೇ ಮಾತು: “ಸಾಕಾಗದೆ ಸಾ.”

ಸೋಮವಾರ ಬೆಳಿಗ್ಗೆ ನನ್ನ ಮನೆಯ ಮುಂದೆ ನಿಂತ ಕಾರಿನ ಗಾಜು, ಗಾಜೇ ಇಲ್ಲವೇನೋ ಎನ್ನುವಷ್ಟು ತಿಳಿಯಾಗಿತ್ತು. ಒಳಗೆ ಸೀಗೇಕಾಯಿಯ ವಾಸನೆ.

ಆದದ್ದನ್ನು ದಾರಿಯಲ್ಲಿ ಹೇಳಿದರು. ಭಾನುವಾರ ಅವರು ಅನ್ನ ಕಲಸಿಕೊಂಡು ತಿನ್ನದೆ ಕೂತಿದ್ದನ್ನು ನೋಡಿ ಹೆಂಡತಿ ಪುಟ್ಟಗೌರಮ್ಮ ಏನೆಂದು ಕೇಳಿದ್ದಾರೆ. ಇವರು ಹೇಳಿದ್ದಾರೆ. ಆಕೆ ಮಜ್ಜಿಗೆ ಬಡಿಸುತ್ತಲೇ, ಎಣ್ಣೆ ಹಚ್ಚಿದ ತಲೆಗೆ ಸೀಗೆ ಹಾಕದೆ ಯಾರಾದರೂ ಬಿಟ್ಟಾರೇ, ಎರಡು ವರ್ಷದಿಂದ ಕಾರನ್ನು ಎಣ್ಣೆಯಲ್ಲೇ ಕೂರಿಸಿದ್ದೀರಲ್ಲ ಎಂದು ಗಂಡನಿಗೇ ಗದರಿದ್ದಾರೆ. ಅದು ಒರೆಸುವುದಲ್ಲ, ಮಜ್ಜನ ಮುಗಿಸುವುದು. ಪುಟ್ಟಮಾದಯ್ಯ ಎದ್ದು, ಸೀಗೆಪುಡಿಯನ್ನು ಬಟ್ಟೆಯಲ್ಲಿ ಸೋಸಿ, ಬಿಸಿನೀರು ಕಾಯಿಸಿ, ಗಾಜಿಗೂ ವೈಪರಿನ ರಬ್ಬರಿಗೂ ಮೂರು ಸಲ ತಿಕ್ಕಿದ್ದಾರೆ. ತುಳಿದಾರೆಂದು ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ತೆಂಗಿನ ಬುಡಕ್ಕೆ ಹುಯ್ದಿದ್ದಾರೆ.

ಇನ್ನು ಮಾಂಬಳ್ಳಿ ಬಾಕಿ. ಹೆಡ್‌ಮಾಸ್ಟರು ಚೀಲದಲ್ಲಿ ಕೈಯಾಡಿಸುತ್ತ ನಿಂತಿದ್ದರು. ಸೀಸೆ ಹೊರಗೆ ಬಂತು. ಪುಟ್ಟಮಾದಯ್ಯ ಎಂದೂ ಇಳಿಯದವರು ಇಳಿದರು. ಬಾನೆಟ್ಟಿನ ಮುಂದೆ ನಿಂತು, ಸೊಂಟ ಹಿಡಿದುಕೊಂಡು, ಸಣ್ಣ ದನಿಯಲ್ಲಿ ಹೇಳಿದರು:

“ಸಾ, ಇಲ್ಗೆ ಆಕಿ. ಲೈಟು ಇದ್ರ ಕಣ್ಣು. ಇದು ಅಣೆ.”

“ಗಾಜು?”

“ಗಾಜು ಕನ್ನಡ್ಕ ಸಾ. ಕನ್ನಡ್ಕಕ್ಕೆ ಯಾರಾರ ವಿಬೂತಿ ಇಕ್ತಾರಾ?”

ಹೆಡ್‌ಮಾಸ್ಟರು ತಮ್ಮ ಕನ್ನಡಕ ತೆಗೆದು, ಪಂಚೆಯಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಕಾರನ್ನು ನೋಡಿದರು. ಅಷ್ಟು ದಿನ ತಮಗಿದು ಹೊಳೆಯಲಿಲ್ಲವಲ್ಲ ಎಂಬ ಕಸಿವಿಸಿ ಒಂದು ಕ್ಷಣ ಕಂಡಿತು. ಅದು ಹೋಗಿ, ಇದು ತಮಗೇ ಹೊಳೆದದ್ದು ಎಂಬ ತೃಪ್ತಿ ಬಂತು. ನಾನೂ ಅದನ್ನೇ ಯೋಚಿಸುತ್ತಿದ್ದೆ ಎನ್ನುತ್ತ ಬಾನೆಟ್ಟಿಗೆ ಮೂರು ಗೆರೆ ಎಳೆದರು.

ಅವತ್ತೂ ಮಂಗಳವಾರವೂ ಮಳೆ ಬರಲಿಲ್ಲ. ಪುಟ್ಟಮಾದಯ್ಯ ಹೊಂಗೆ ಮರದಡಿ ನಿದ್ದೆ ಮಾಡದೆ ಆಕಾಶ ನೋಡುತ್ತ ಕೂತಿದ್ದರೆಂದು ಮಕ್ಕಳು ಬಂದು ಹೇಳಿದವು. ಬುಧವಾರ, ಅಮಾವಾಸ್ಯೆಯ ದಿನವೇ, ಸಂಜೆ ಹನೂರು ಬಿಡುತ್ತಿದ್ದಂತೆ ಹನಿ ಬಿತ್ತು. ಅವರು ವೈಪರಿನ ಕಡ್ಡಿ ಮುಟ್ಟುವಾಗ ಕಾರಿನಲ್ಲಿ ಎಲ್ಲರೂ ಬೇರೆ ಕಡೆ ನೋಡುತ್ತಿದ್ದೆವು.

ವೈಪರು ಹೋಯಿತು, ಬಂತು. ಸದ್ದಿಲ್ಲ. ಎದುರಿನ ಬಸ್ಸಿನ ನಂಬರು ಕಂಡಿತು. ಕೊಳ್ಳೇಗಾಲದಲ್ಲಿ ಪದ್ಮಿನಿ ಮೇಡಂ ಇಳಿಯುವಾಗ, ಅಳು ನಿಂತಿತಲ್ಲ ಎಂದು ಪುಟ್ಟಮಾದಯ್ಯನವರ ಸೀಟನ್ನು ತಟ್ಟಿದರು. ಆಮೇಲೆ ಒಂದು ಕಬ್ಬಿನ ಟ್ರ್ಯಾಕ್ಟರು, ದೀಪವಿಲ್ಲದ್ದೇ, ಬಹಳ ದೂರದಿಂದಲೇ ಕಾಣಿಸಿತು. ಪುಟ್ಟಮಾದಯ್ಯ ಗೇರು ಇಳಿಸಿ ಅದರ ಹಿಂದೆ ನಿಧಾನವಾಗಿ ಹೋದರು.

“ನೋಡಿದ್ರಾ,” ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು. “ಹಣೆಗೆ ಇಟ್ಟ ಎರಡೇ ದಿನಕ್ಕೆ. ಬಸವಕುಮಾರನಿಗೆ ಬೇಡ ಅಂತ ಹೇಳಿಬಿಡ್ತೀನಿ.”

ಪುಟ್ಟಮಾದಯ್ಯನವರ ಭುಜ ಒಂದು ಬೆರಳಷ್ಟು ಕೆಳಗಿಳಿದದ್ದು ಹಿಂದಿನ ಸೀಟಿನಿಂದ ನನಗೆ ಕಂಡಿತು.

ಸ್ವಲ್ಪ ದೂರ ಹೋದ ಮೇಲೆ ಹೆಡ್‌ಮಾಸ್ಟರು ಕತ್ತು ಓರೆ ಮಾಡಿ ಕಿವಿಗೊಟ್ಟರು. “ಪುಟ್ಟಮಾದಯ್ಯ, ಹಿಂದೆ ಏನೋ ಕಟಕಟ ಅಂತಿದೆಯಲ್ಲ?”

ಹಿಂದಿನ ಬಾಗಿಲು. ಅದು ಆರು ವರ್ಷದಿಂದ ಹಾಗೇ ಇದೆ. ಮಳೆಯಿಲ್ಲದ ದಿನ ಹೆಡ್‌ಮಾಸ್ಟರು ತೂಕಡಿಸುತ್ತಿದ್ದರು, ಮಳೆ ಬಂದರೆ ವೈಪರಿನ ಸದ್ದಿನಲ್ಲಿ ಅದು ಕೇಳುತ್ತಿರಲಿಲ್ಲ, ಅಷ್ಟೇ.

“ನೋಡ್ತೀನಿ ಸಾ.”

ಮಳೆ ನಿಂತಿತು. ಗಾಜು ಆರಿತು. ವೈಪರು ಮಾತ್ರ ಹೋಗಿಬಂದು ಮಾಡುತ್ತಲೇ ಇತ್ತು. ಒಣಗಾಜಿನ ಮೇಲೆ ರಬ್ಬರು ಸಣ್ಣಗೆ ಗೊಣಗತೊಡಗಿತು. ಹಿಂದಿನ ಕಟಕಟ ಅದರಲ್ಲಿ ಮುಳುಗಿತು. ಹೆಡ್‌ಮಾಸ್ಟರು ಕಿವಿ ಹಿಂದಕ್ಕೆ ತೆಗೆದುಕೊಂಡು ತೂಕಡಿಸತೊಡಗಿದರು. ಮರೆತಿರಬೇಕೆಂದು ನಾನು ಮುಂದಕ್ಕೆ ಬಾಗಿ, ಮಳೆ ನಿಂತಿತಲ್ಲ ಎಂದೆ.

“ಇರ್ಲಿ ಬುಡಿ ಸಾ,” ಎಂದರು ಪುಟ್ಟಮಾದಯ್ಯ, ರಸ್ತೆ ನೋಡುತ್ತಲೇ. “ಮಾಂಬಳ್ಳಿ ಬರಗಂಟ ಓಡ್ಲಿ.”