ಗಾಜಿನ ಕೌಂಟರಿನ ಆಚೆಯ ಪರೀಕ್ಷೆ

ಅಗ್ಗದ ಇಯರ್‌ಫೋನುಗಳನ್ನು ಹೊಗಳುವ ವಿಡಿಯೊ ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕುಳಿತು, ಹಾಡು ಕೇಳಿ, ತಲೆದೂಗಿ ಐದು ಸ್ಟಾರ್ ಕೊಡುವವರೇ ಎಲ್ಲರೂ. ಭೋಸರಿಯ ಕಾರ್ಖಾನೆಯ ಸದ್ದಿನಲ್ಲಿ ನಿಂತು ಮನೆಗೊಂದು ಫೋನ್ ಮಾಡಬೇಕಾದ ನನ್ನಂಥವನ ಪಾಡು ಯಾರಿಗೆ ಬೇಕು?

ಅದಕ್ಕೇ ಕ್ಯಾಂಪ್ ಪೇಟೆಯ ಅಂಗಡಿಯೊಂದಕ್ಕೆ ಹೋಗಿ, ಮೈಕ್ ಪರೀಕ್ಷಿಸಿಯೇ ಕೊಳ್ಳುತ್ತೇನೆಂದು ಹಟ ಹಿಡಿದೆ. ಅಂಗಡಿಯವನು ಇಯರ್‌ಫೋನನ್ನು ನನ್ನ ಕಿವಿಗೆ ಸಿಕ್ಕಿಸಿ, ನನ್ನ ಫೋನಿನಿಂದ ತನ್ನ ಫೋನಿಗೇ ಕರೆ ಮಾಡಿಸಿದ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಗಾಜಿನ ಕೌಂಟರ್, ಅಷ್ಟೇ. ನಾನು "ಹಲೋ" ಎಂದದ್ದೇ ತಡ, "ಏಕ್‌ದಮ್ ಕ್ಲಿಯರ್, ಸಾಹೇಬ್!" ಎಂದುಬಿಟ್ಟ. ಎದುರಿಗೇ ನಿಂತವನಿಗೆ ಫೋನಿಲ್ಲದಿದ್ದರೂ ಕೇಳಿಸುತ್ತಿರಲಿಲ್ಲವೇ? ಇದೂ ಒಂದು ಪರೀಕ್ಷೆಯೇ?

ಸಿಟ್ಟು ನೆತ್ತಿಗೇರಿ, ಅದೇ ಇಯರ್‌ಫೋನಿನಲ್ಲಿ ಮನೆಯಲ್ಲಿದ್ದ ಹೆಂಡತಿಗೆ ಕರೆ ಮಾಡಿದೆ. "ನನ್ನ ಮಾತು ಕೇಳಸ್ತದೇನು?" ಎಂದು ಬೀದಿಗೆಲ್ಲ ಕೇಳುವಂತೆ ಮತ್ತೆ ಮತ್ತೆ ಕಿರುಚಿದೆ. ಅಂಗಡಿಯವನು ಪಕ್ಕದಲ್ಲೇ ಇನ್ನೊಬ್ಬ ಗಿರಾಕಿಗೆ ಅದೇ ಇಯರ್‌ಫೋನಿನ ಗುಣಗಾನ ಮಾಡುತ್ತಿದ್ದ.

"ಅಂಗಡಿಯವ್ರ ಮಾತು ಭಾಳ ಛಲೋ ಕೇಳಸ್ತದ್ರಿ," ಎಂದಳು ಹೆಂಡತಿ. "ನೀವ್ಯಾಕ ಮಾತಾಡವಲ್ರಿ?"