ಸಾಬೂನಿಗೆ ಕದ, ಅಕ್ಕನಿಗೆ ಸೀರೆ

ನಮ್ಮ ಬಚ್ಚಲಿಗೆ ನಾನು ಕದ ಹಚ್ಚಿಸಲಿಲ್ಲ.

ಇಷ್ಟೇ ಆಗಿದ್ದರೆ ಬರೆಯುವ ಕಾರಣವಿರಲಿಲ್ಲ. ನಮ್ಮೂರು ರೋಣದಲ್ಲಿ ಎಷ್ಟು ಮನೆಗಳ ಬಚ್ಚಲಿಗೆ ಕದವಿದೆ? ಅಡಿಗೆಮನೆಯ ಮೂಲೆಯಲ್ಲಿ ಒಂದು ಹಂಡೆ, ಒಂದು ಕಲ್ಲು, ಅಡ್ಡ ಒಂದು ಹಳೆಯ ಸೀರೆ. ಹೆಂಗಸರು ಬೆಳಕು ಹರಿಯುವ ಮೊದಲೇ ಜಳಕ ಮುಗಿಸುತ್ತಾರೆ. ನಾವು ಗಂಡಸರು ಹಿತ್ತಲಲ್ಲಿ, ಬಿಸಿಲಲ್ಲಿ, ಪಕ್ಕದ ಮನೆಯವನ ಜೊತೆ ಹತ್ತಿಯ ಧಾರಣೆ ಮಾತಾಡುತ್ತ ಮೀಯುತ್ತೇವೆ. ಕದದ ವಿಚಾರ ನಮ್ಮ ತಲೆಗೆ ಬರುವುದಾದರೂ ಹೇಗೆ?

ಆದರೆ ನನಗೆ ಅಕ್ಕ ಬಾಯಿಬಿಟ್ಟು ಕೇಳಿದ್ದಳು. ಕದವನ್ನೂ ತಾನೇ ತಂದಿದ್ದಳು. ಆ ಕದವನ್ನು ಕೊಯ್ಯಿಸಿ ನಾನು ಕಪಾಟು ಮಾಡಿಸಿದೆ.

ಹೌದು, ಅದೇ ಕರಿ ಕಪಾಟು. ಕಳೆದ ತಿಂಗಳು ಈ ಪತ್ರಿಕೆಯ ಇದೇ ಜಾಗದಲ್ಲಿ ಅದರ ಬಗ್ಗೆ ಬರೆದು ಜಂಬ ಕೊಚ್ಚಿಕೊಂಡಿದ್ದೆ. (ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನ ಬರಹವನ್ನು ಯಾರು ಓದುತ್ತಾರೆ ಅಂದುಕೊಂಡಿದ್ದೆ. ನರಗುಂದ, ನರೇಗಲ್ಲಿನ ಓದುಗರು ಅದರ ಅಳತೆ ಕೇಳಿದ್ದಾರೆ!) ಅಳತೆ ಕೊಡುವ ಮೊದಲು ಉಳಿದ ಕಥೆ ಹೇಳಬೇಕು.

ಅಕ್ಕ ನೀಲವ್ವನನ್ನು ಹೊಳೆಮಣ್ಣೂರಿಗೆ ಕೊಟ್ಟಿದ್ದೆವು. ಗಂಡ ತೀರಿಕೊಂಡ. ಆಮೇಲೆ ಹೊಳೆ ಬಂದು ಮನೆಯ ಗೋಡೆಗಳು ಕುಸಿದವು. ಆ ಕಡೆಯವರಲ್ಲಿ ಒಂದು ರೂಢಿಯಿದೆ. ಮನೆ ಬಿದ್ದರೂ ಕದ ಬಿಟ್ಟು ಬರುವುದಿಲ್ಲ. ಅಕ್ಕನೂ ತನ್ನ ಬಾಗಿಲಿನ ಒಂಟಿ ಕದವನ್ನು ಚಕ್ಕಡಿಯಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದಳು. ಹಳೆಯ ಸಾಗವಾನಿ. ಹಬ್ಬಹಬ್ಬಕ್ಕೂ ಎಣ್ಣೆ ಕುಡಿದು, ಹೊಗೆ ಕುಡಿದು ಹುಣಸೆಬೀಜದ ಹಾಗೆ ಕಪ್ಪಗೆ ಮಿಂಚುತ್ತಿತ್ತು.

ಇಳಿಸುವಾಗಲೇ ಹೇಳಿದ್ದಳು: "ತಮ್ಮಾ, ಇದನ್ನ ಬಚ್ಚಲಕ್ಕ ಹಚ್ಚಿಬಿಡು. ಸೀರಿ ಮರೀಗೆ ಕುಂತು ಜಳಕಾ ಮಾಡೂದು ನನಗ ಆಗೂದಿಲ್ಲೋ."

"ಹಚ್ಚೋಣಂತ" ಅಂದೆ.

ಅಷ್ಟರಲ್ಲಿ ಹುಬ್ಬಳ್ಳಿಗೆ ಹೋದೆ. ಅಲ್ಲೊಬ್ಬ ವ್ಯಾಪಾರಿಯ ಮನೆಯಲ್ಲಿ ಬಾತ್‌ರೂಮ್ ನೋಡಿದೆ. ನೆಲಕ್ಕೆ ಸಿಮೆಂಟ್. ಗೋಡೆಯಲ್ಲಿ ಕರಿ ಕಟ್ಟಿಗೆಯ ಕಪಾಟು, ಎರಡು ಪುಟ್ಟ ಕದ, ಹಿತ್ತಾಳೆಯ ಹಿಡಿಕೆ. ಒಳಗೆ ಸೋಪು, ಪೌಡರ್, ಎಣ್ಣೆಯ ಬಾಟಲಿ. ಏನು ಫ್ಯಾಶನ್! (ಆ ಬಾತ್‌ರೂಮಿಗೆ ಕದವೂ ಇತ್ತು. ಅದನ್ನು ನಾನು ನೋಡಲೇ ಇಲ್ಲ.)

ಅಕ್ಕ ಬಳಗದವರ ಬಾಣಂತನ ಮಾಡಲೆಂದು ಮುಶಿಗೇರಿಗೆ ಹೋದಾಗ ನಮ್ಮ ಓಣಿಯ ಬಡಿಗೇರ ಮೌನೇಶನನ್ನು ಕರೆಸಿದೆ.

"ಕೊಯ್ಯೂದು ಖರೇ ಏನ್ರಿ? ಒಮ್ಮೆ ಕೊಯ್ದಮ್ಯಾಲ ಅಂಟಿಸಾಕ ಬರಂಗಿಲ್ಲ ಮತ್ತ."

"ಕೊಯ್ಯಪಾ ಮಾರಾಯ. ಬಚ್ಚಲದ ಕದಾ ಆಮ್ಯಾಲ ನೋಡೋಣಂತ."

ಆಮ್ಯಾಲ! ಮನೆಯ ಹೆಂಗಸರ ಎಷ್ಟು ಕೆಲಸಗಳನ್ನು ನಾವು ಈ ಒಂದು ಮಾತಿನಲ್ಲಿ ಮುಗಿಸಿಬಿಡುತ್ತೇವೆ?

ಬಚ್ಚಲ ಗೋಡೆಗೆ ಕೂತ ಕಪಾಟು ಚಂದವಾಯಿತು, ಸುಳ್ಳು ಹೇಳಲಾರೆ. ಅಕ್ಕ ಊರಿಂದ ಬಂದು ಅದನ್ನು ನೋಡಿದಳು. ಕಟ್ಟಿಗೆಯ ಮೇಲೆ ಕೈಯಾಡಿಸಿದಳು. ಹಳೆಯ ಚಿಲಕದ ತೂತನ್ನು ಮೌನೇಶ ಮೇಣ ತುಂಬಿ ಮುಚ್ಚಿದ್ದ. ಅವಳ ಬೆರಳು ಅಲ್ಲೇ ನಿಂತಿತು.

"ಇದು ನನ್ನ ಕದಾ ಅಲ್ಲೇನೋ?"

"ಹೌದು. ಹ್ಯಾಂಗ ಕಾಣಸ್ತೈತಿ?"

"ಚಲೋ ಕಾಣಸ್ತೈತಿ. ಸಾಬೂನಕ್ಕ ನಾಚಿಗಿ ಭಾಳ ಅಂತ ಕಾಣಸ್ತೈತಿ, ಕದಾ ಮುಚಿಗೊಂಡು ಕುಂತೈತಿ."

ನಾನು ನಕ್ಕೆ. ಅವಳು ನಗಲಿಲ್ಲ. ಸೀರೆಯ ಪರದೆ ಹಾಗೇ ಉಳಿಯಿತು.

ಆಮೇಲೆ ಕಪಾಟಿನ ಬಗ್ಗೆ ಬರೆದೆ. ಅದನ್ನು ಓದಿಕೊಂಡು ಗಜೇಂದ್ರಗಡದ ಸೀರೆ ವ್ಯಾಪಾರಿಯೊಬ್ಬರು ಒಂದು ಮಧ್ಯಾಹ್ನ ಮನೆಗೆ ಬಂದರು.

"ಎಲ್ರೀ ನಿಮ್ಮ ಕಪಾಟ? ನಮ್ಮ ಮನಿಯಾಕಿ ಅದನ್ನ ನೋಡಿಕೊಂಡ ಬರ್ರಿ ಅಂತ ಜೀವಾ ತಿಂತಾಳ."

"ಬರ್ರಿ, ಬರ್ರಿ" ಅಂದವನೇ ಮುಂದೆ ಹೋಗಿ ಸೀರೆ ಸರಿಸಿದೆ.

ಒಳಗೆ ಅಕ್ಕ ಇದ್ದಳು. ಕೌದಿ ಒಗೆದು ಮೈಯೆಲ್ಲ ಕೊಳೆಯಾಗಿ ಹಗಲಲ್ಲೇ ಜಳಕಕ್ಕೆ ಕೂತಿದ್ದಳು. ಗಾಬರಿಯಲ್ಲಿ ಅವಳ ಕೈಗೆ ಸಿಕ್ಕಿದ್ದು ತೆರೆದಿದ್ದ ಕಪಾಟಿನ ಪುಟ್ಟ ಕದ. ಅದನ್ನೇ ಎಳೆದು ಅಡ್ಡ ಹಿಡಿದಳು.

ಅಷ್ಟು ಕದ ಮುಖಕ್ಕೆ ಮಾತ್ರ ಸಾಕಾಯಿತು.

ಬಂದವರು ದೊಡ್ಡ ಮನುಷ್ಯರು. ತಟ್ಟನೆ ತಿರುಗಿ ಅಂಗಳಕ್ಕೆ ಹೋದರು. ನಾನೇನು ಮಾಡಿದೆ? ನನ್ನ ಮಾನ ಹೋಯಿತೆಂದು ಅಲ್ಲೇ ನಿಂತು ಒದರಿದೆ: "ಹಗಲೊತ್ತಿನ್ಯಾಗ ಎಂಥಾ ಜಳಕಾ? ಹೇಳಿ ಕೂಡಾಕ ಬರೂದಿಲ್ಲೇನ?"

ಮರುದಿನದಿಂದ ಅಕ್ಕ ಸೀರೆ ಹೆಗಲಿಗೆ ಹಾಕಿಕೊಂಡು, ಕೈಯಲ್ಲಿ ಚರಗಿ ಹಿಡಿದು ಎದುರುಮನೆಯ ಬಸವ್ವನ ಬಚ್ಚಲಿಗೆ ಹೋಗತೊಡಗಿದಳು. ಅವರದು ತಗಡಿನ ಕದ. ಆದರೂ ಕದ.

"ಓಣ್ಯಾಗ ಏನಂತಾರ ಗೊತ್ತೈತೇನ್ರಿ?" ಎಂದಳು ನನ್ನ ಹೆಂಡತಿ ಪಾರವ್ವ. "ತಮ್ಮನ ಮನ್ಯಾಗ ಅಕ್ಕಗ ನೀರಿಗೂ ಬರ ಅಂತಾರ."

ಲಗುಬಗೆಯಿಂದ ಬೇವಿನ ಹಲಗೆ ತರಿಸಿ ಬಚ್ಚಲಿಗೆ ಕದ ಹಚ್ಚಿಸಿದೆ. ಅಕ್ಕ ಅದನ್ನು ನೋಡಿದಳು. ಚರಗಿ ಹಿಡಿದು ಮತ್ತೆ ಎದುರುಮನೆಗೇ ನಡೆದಳು.

"ನೀವು ಆಕಿಗೆ ಏನರ ಅಂದ್ರೇನು?" ಎಂದಳು ಪಾರವ್ವ.

"ಕದಾ ಹಚ್ಚಸೀನಲ್ಲ."

"ಕದಾ ಮಾತಾಡ್ತೈತೇನು?"

ಓದುಗರೇ, ಅಳತೆ ಕೇಳಿದ್ದಿರಿ. ಉದ್ದ ಎರಡು ಮೊಳ, ಅಗಲ ಒಂದೂವರೆ. ಹಂಡೆಯ ಉಗಿ ತಾಕದಷ್ಟು ದೂರ ಇರಲಿ. ಕಪ್ಪು ಕಟ್ಟಿಗೆಗೆ ಪಾಲಿಶ್ ಬೇಡ, ಅಗಸಿ ಎಣ್ಣೆ ಸಾಕು. ಆದರೆ ಬಚ್ಚಲಿಗೆ ಮೊದಲು ಕದ ಹಚ್ಚಿಸಿ. ಕಟ್ಟಿಗೆ ಯಾರದೆಂದು ಕೇಳಿ ಕೊಯ್ಯಿಸಿ.

ನಿನ್ನೆ ಬೆಳಿಗ್ಗೆ ಬಸವ್ವನ ಮನೆಗೆ ಹೋದೆ. ತಗಡಿನ ಕದ ಮುಚ್ಚಿತ್ತು. ಒಳಗೆ ನೀರಿನ ಸಪ್ಪಳ.

"ನಿಮ್ಮಕ್ಕ ಜಳಕಾ ಮಾಡಾಕತ್ತಾಳ. ಆಮ್ಯಾಲ ಬಾರಪಾ" ಎಂದಳು ಬಸವ್ವ.

ಆಮ್ಯಾಲ ಎಂಬ ಮಾತು ನನಗೆ ಸಾಕಾಗಿತ್ತು. ಕದಕ್ಕೆ ಬೆನ್ನು ಮಾಡಿ ಅಂಗಳದಲ್ಲೇ ನಿಂತೆ. ನೀರಿನ ಸಪ್ಪಳ ನಿಂತಿತು.

"ಯಾರದು?"

"ನಾನು."

ಬಸವ್ವನ ಸೊಸೆಯಂದಿರು ಬೀಸುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನೋಡಲಿ. ಅಕ್ಕನನ್ನು ಬೈದದ್ದೂ ನಾಲ್ಕು ಜನ ಕೇಳುವ ಹಾಗೇ ತಾನೇ?

"ಅಕ್ಕಾ, ನಿನ್ನ ಕದಾ ನಿನ್ನ ಕೇಳದ ಕೊಯ್ಸಿದೆ. ಸೀರಿ ಸರಿಸಿದವ ನಾನು, ಬೈಸಿಕೊಂಡಾಕಿ ನೀನು. ತಪ್ಪು ನಂದು, ಅಕ್ಕಾ. ತಪ್ಪಾತು."